ಕೆಂಪಿಯ ಬಾಣಂತನ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರ್ತೀಕ ಮಾಸ ಬಂತೆಂದರೆ ನಮ್ಮೂರಿನಲ್ಲಿ ನಾಯಿಗಳ ಗಲಾಟೆ ಶುರು. ಒಂದು ಹೆಣ್ಣು, ಅದರ ಹಿಂದೆ ಆರೇಳು ಗಂಡು. ರಾತ್ರಿಯೆಲ್ಲ ಬೊಗಳಾಟ, ಕಚ್ಚಾಟ. ಪೇಟೆಯ ಜಾತಿ ನಾಯಿಗಳಿಗೆ ಕಾಲದ ಲೆಕ್ಕವಿಲ್ಲ, ವರ್ಷದಲ್ಲಿ ಯಾವಾಗ ಬೇಕಾದರೂ ಬೆದೆಗೆ ಬರುತ್ತವೆ. ನಮ್ಮ ನಾಟಿ ನಾಯಿಗಳು ಹೆಚ್ಚಾಗಿ ಬರುವುದು ಈ ಹೊತ್ತಿಗೇ. ಈಗ ಬೆರಳು ಮಡಚಿ ಲೆಕ್ಕ ಹಾಕಿ. ನಾಯಿ ಗಬ್ಬ ಹೊರುವುದು ಸುಮಾರು 63 ದಿನ. ಅಂದರೆ ಮರಿ ಹಾಕುವುದು ಸಂಕ್ರಾಂತಿ ಆಸುಪಾಸಿನಲ್ಲಿ, ಹಲ್ಲು ಕಟಕಟ ಅನ್ನುವ ಚಳಿಯಲ್ಲಿ. ಇವತ್ತು ನಾನು ಚಳಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡಿದರೆ ಬೇಸರ ಮಾಡಿಕೊಳ್ಳಬೇಡಿ.

ನಾನು ಡಾಕ್ಟರಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವಳು. ಎರಡು ನಾಯಿಗಳ ಬಾಣಂತನ ಮಾಡಿದ್ದೇನೆ. ಮೊದಲನೆಯದರಲ್ಲಿ ತಪ್ಪು ಮಾಡಿದೆ. ಎರಡನೆಯದಕ್ಕೆ ತಯಾರಾಗಿ ಕೂತೆ.

ಮೊದಲನೆಯವಳ ಹೆಸರು ಕಾಳಿ. ಅವಳು ಗಬ್ಬ ಇರುವುದು ಗೊತ್ತಿತ್ತು. "ನಾಯಿಗೇನು ಹೇಳಿಕೊಡಬೇಕಾ, ಅದೇ ಹಾಕಿಕೊಳ್ಳುತ್ತದೆ" ಅಂತ ಸುಮ್ಮನಿದ್ದೆವು. ಹಾಕಿಕೊಂಡಳು ಕೂಡ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ, ಒಂದು ಇಬ್ಬನಿಯ ರಾತ್ರಿ. ಬೆಳಿಗ್ಗೆ ನೋಡಿದರೆ ಐದು ಮರಿ. ಒಂದು ಮಾತ್ರ ತೆವಳಿಕೊಂಡು ದೂರ ಹೋಗಿ ಕಲ್ಲಿನ ಹಾಗೆ ತಣ್ಣಗಾಗಿತ್ತು. ಉಸಿರಿತ್ತು. ನಾನು ಗಡಿಬಿಡಿಯಲ್ಲಿ ಹಸುವಿನ ಹಾಲು ಬಿಸಿ ಮಾಡಿ ಚಮಚದಲ್ಲಿ ಬಾಯಿಗೆ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅದು ಸತ್ತಿತು. ಆಮೇಲೆ ಪಶುವೈದ್ಯರು ಬೈಯಲಿಲ್ಲ, ಹೇಳಿದರು ಅಷ್ಟೇ: "ತಣ್ಣಗಾದ ಮರಿಗೆ ಹಾಲು ಅರಗುವುದಿಲ್ಲಮ್ಮ. ಮೊದಲು ಮೈ ಬೆಚ್ಚಗಾಗಬೇಕು, ಹಾಲು ಆಮೇಲೆ. ಅದೂ ಚಮಚದಲ್ಲಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ."

ಚಳಿಯಾದರೆ ನಾವು ನಡುಗುತ್ತೇವೆ ಅಲ್ವಾ? ಆ ನಡುಕವೇ ಮೈಯನ್ನು ಬಿಸಿ ಮಾಡುತ್ತದೆ. ಹುಟ್ಟಿದ ವಾರದ ನಾಯಿಮರಿಗೆ ನಡುಗುವುದಕ್ಕೂ ಬರುವುದಿಲ್ಲ. ಬಿಸಿ ಹೊರಗಿನಿಂದಲೇ ಬರಬೇಕು. ತಾಯಿಯ ಹೊಟ್ಟೆಯಿಂದ ಬರಬೇಕು, ಇಲ್ಲವೇ ನಮ್ಮಿಂದ.

ಎರಡನೆಯವಳು ಕೆಂಪಿ. ಅವಳ ಸಲ ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಕೂಡಿದ ದಿನ ಗೊತ್ತಿದ್ದರೂ 58ರಿಂದ 68ನೇ ದಿನದೊಳಗೆ ಯಾವತ್ತು ಬೇಕಾದರೂ ಆಗಬಹುದು, ಆದ್ದರಿಂದ ಹತ್ತು ದಿನ ಮನೆಯಲ್ಲಿ ಒಬ್ಬರಾದರೂ ಇರುವ ಹಾಗೆ ನೋಡಿಕೊಂಡೆವು. ನೆಂಟರ ಮನೆಯ ಒಂದು ಉಪನಯನ ತಪ್ಪಿತು. ಅದರ ಮಾತು ಈಗಲೂ ಬರುತ್ತದೆ, ಬರಲಿ.

55ನೇ ದಿನ ಕಳೆದ ಮೇಲೆ ಪೇಟೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಅಷ್ಟು ಹೊತ್ತಿಗೆ ಮರಿಗಳ ಮೂಳೆ ಗಟ್ಟಿಯಾಗಿ ಎಣಿಸಲು ಸಿಗುತ್ತದೆ. ಆರು ತಲೆ, ಆರು ಬೆನ್ನುಮೂಳೆ. ಈ ಖರ್ಚು ದಂಡ ಅಂತ ನನ್ನ ಅತ್ತೆ ಗೊಣಗಿದರು. ನಡುರಾತ್ರಿಯಲ್ಲಿ ಐದು ಮರಿ ಬಂದು ನಾಯಿ ಸುಮ್ಮನೆ ಮಲಗಿದಾಗ, ಮುಗಿಯಿತೋ ಇನ್ನೂ ಇದೆಯೋ ಅನ್ನುವುದಕ್ಕೆ ಆ ಫಿಲಂ ಬಿಟ್ಟು ಬೇರೆ ಉತ್ತರವಿರಲಿಲ್ಲ.

ಇಲ್ಲೊಂದು ಮಾತು, ಪೇಟೆಯವರಿಗೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿ ಸಾಕಿದ್ದರೆ ಮನೆಯಲ್ಲೇ ಆಗಲಿ ಅಂತ ಕೂರಬೇಡಿ. ಆ ಮರಿಗಳ ತಲೆ ದೊಡ್ಡದು, ತಾಯಿಯ ದಾರಿ ಸಣ್ಣದು. ಅವುಗಳಲ್ಲಿ ಎಷ್ಟೋ ನಾಯಿಗಳಿಗೆ ಸಿಸೇರಿಯನ್ನೇ ಆಗಬೇಕಾಗುತ್ತದೆ. ಮೊದಲೇ ಡಾಕ್ಟರ ಹತ್ತಿರ ಮಾತಾಡಿಟ್ಟುಕೊಳ್ಳಿ.

ಆಹಾರದ ಬಗ್ಗೆ ಒಂದೇ ಒಂದು ಎಚ್ಚರಿಕೆ. ಗಬ್ಬದ ನಾಯಿಗೆ ಕ್ಯಾಲ್ಸಿಯಂ ಟಾನಿಕ್ ಹೊಯ್ಯುವ ಚಟ ನಮ್ಮಲ್ಲಿ ಬಹಳ. ಡಾಕ್ಟರು ಹೇಳದೆ ಕೊಡಬೇಡಿ. ಹೊರಗಿನಿಂದ ಸಲೀಸಾಗಿ ಸಿಕ್ಕಿದರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಮೈಯ ಅಭ್ಯಾಸ ತಪ್ಪಿಹೋಗುತ್ತದೆ. ಹಾಲು ಜೋರಾಗಿ ಇಳಿಯುವ ಹೊತ್ತಿಗೆ ರಕ್ತದಲ್ಲಿ ಕ್ಯಾಲ್ಸಿಯಂ ದಿಢೀರನೆ ಬೀಳುತ್ತದೆ. ಅದೇನು ಮಾಡುತ್ತದೆ ಅಂತ ಮುಂದೆ ಹೇಳುತ್ತೇನೆ. ಕೆಂಪಿಗೆ ಕೊನೆಯ ಮೂರು ವಾರ ಅನ್ನ, ಮೊಟ್ಟೆ, ಬೇಯಿಸಿದ ಕೋಳಿ, ಜೊತೆಗೆ ಮರಿಗಳಿಗೆಂದು ಮಾರುವ ನಾಯಿ ಆಹಾರ ಕೊಟ್ಟೆ. ಹೊಟ್ಟೆಯಲ್ಲಿ ಜಾಗವಿಲ್ಲದ್ದರಿಂದ ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕು ಸಲ.

ಈಗ ಜಾಗದ ವಿಚಾರ. ನಮ್ಮ ಕಡೆ ಚಿರತೆ ಅಂಗಳಕ್ಕೇ ಬಂದು ನಾಯಿ ಹೊತ್ತೊಯ್ಯುತ್ತದೆ, ಹಾಗಾಗಿ ಹೊರಗೆ ಬಿಡುವ ಮಾತೇ ಇರಲಿಲ್ಲ. ಬಚ್ಚಲಿನ ಪಕ್ಕದ ಕೋಣೆ ಆರಿಸಿದೆವು. ಆ ಕಡೆ ಹಂಡೆಯ ಒಲೆ ಇರುವುದರಿಂದ ಗೋಡೆ ಸದಾ ಬೆಚ್ಚಗಿರುತ್ತದೆ. ಹಳೆಯ ಬಾಗಿಲ ಹಲಗೆಯಿಂದ ಒಂದು ಪೆಟ್ಟಿಗೆ ಮಾಡಿಸಿದೆವು. ಕೆಂಪಿ ಕಾಲು ಚಾಚಿ ಮಲಗಿದರೂ ಅರ್ಧದಷ್ಟು ಜಾಗ ಉಳಿಯಬೇಕು. ತಾಯಿ ದಾಟಬಹುದು, ಮರಿ ದಾಟಬಾರದು, ಅಷ್ಟು ಎತ್ತರದ ಅಂಚು. ಒಳಗೆ ಸುತ್ತಲೂ, ನೆಲದಿಂದ ನಾಲ್ಕು ಇಂಚು ಮೇಲೆ, ಹಲಗೆಯಿಂದ ನಾಲ್ಕು ಇಂಚು ಈಚೆಗೆ ಪಿವಿಸಿ ಪೈಪು ಕೂರಿಸಿದೆವು. ತಾಯಿ ಒರಗಿ ಮಲಗುವಾಗ ಬೆನ್ನ ಹಿಂದೆ ಸಿಕ್ಕಿದ ಮರಿ ಅಪ್ಪಚ್ಚಿಯಾಗುತ್ತದೆ. ಪೈಪಿದ್ದರೆ ಅದರ ಅಡಿಯಲ್ಲಿ ಮರಿಗೆ ಸಂದು ಸಿಗುತ್ತದೆ.

ಕೆಳಗೆ ದಿನಪತ್ರಿಕೆ, ಮೇಲೆ ದಪ್ಪ ಹತ್ತಿಯ ಬೆಡ್‌ಶೀಟು. ಗೋಣಿಚೀಲ ಬೇಡ, ಅದರ ಎಳೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಫಿನಾಯಿಲ್ ಹಾಕಿ ಒರೆಸಬೇಡಿ. ಇರುವೆ ಸಾಲು ಎಲ್ಲಿಂದ ಬರುತ್ತದೆ ಅಂತ ಮೊದಲೇ ನೋಡಿಕೊಳ್ಳಿ, ಹಸಿ ವಾಸನೆಗೆ ಅವು ಹುಡುಕಿಕೊಂಡು ಬರುತ್ತವೆ.

ಬಲ್ಬಿನದು ದೊಡ್ಡ ಕಥೆ. ಡಾಕ್ಟರು "60 ವ್ಯಾಟಿನ ಬಲ್ಬು ಹಾಕಿ" ಅಂದರು. ನಮ್ಮವರು ಪೇಟೆಯಿಂದ ಎಲ್‌ಇಡಿ ತಂದರು. ಅದು ಬೆಳಕು ಕೊಡುತ್ತದೆ, ಬಿಸಿ ಎಲ್ಲಿ ಕೊಡುತ್ತದೆ? ಬೇಕಾದದ್ದು ತಂತಿ ಕೆಂಪಗಾಗುವ ಹಳೆಯ ಬಲ್ಬು. ಕೊನೆಗೆ ಕೋಳಿಮರಿ ಸಾಕುವವರೊಬ್ಬರ ಮನೆಯಿಂದ ಇಸಿದುಕೊಂಡು ಬಂದೆವು. ಅದನ್ನು ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ ತೂಗುಹಾಕಿದೆವು, ತಾಯಿಗೆ ಸೆಕೆಯಾದರೆ ಆಚೆ ಮೂಲೆಗೆ ಹೋಗಲಿ ಅಂತ. ಮೊದಲ ವಾರ ಮರಿಗಳ ಹತ್ತಿರ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಮರಿಗಳು ಒಂದರ ಮೇಲೊಂದು ರಾಶಿ ಬಿದ್ದಿದ್ದರೆ ಚಳಿ. ದೂರ ದೂರ ಚೆದುರಿ ಕಿರುಚುತ್ತಿದ್ದರೆ ಸೆಕೆ. ಒಂದಕ್ಕೊಂದು ತಾಗಿಕೊಂಡು ಸಾಲಾಗಿ ಮಲಗಿದ್ದರೆ ಸರಿಯಾಗಿದೆ. ಮಲೆನಾಡಿನ ಕರೆಂಟಿನ ವಿಷಯ ನಿಮಗೆ ಹೇಳಬೇಕಾಗಿಲ್ಲ. ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಬಾಟಲಿಗಳು ಯಾವಾಗಲೂ ತಯಾರಿದ್ದವು.

57ನೇ ದಿನದಿಂದ ಬೆಳಿಗ್ಗೆ, ಸಂಜೆ ಕೆಂಪಿಯ ಮೈಬಿಸಿ ನೋಡಲು ಶುರು ಮಾಡಿದೆ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ ಹಿಂಭಾಗದಲ್ಲಿ ಇಡುವುದು. ಮೊದಲ ದಿನ ನನ್ನನ್ನು ನೋಡಿದ ಅವಳ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಯಿಯ ಮೈಬಿಸಿ ಮಾಮೂಲಿಯಾಗಿ 101, 102 ಫ್ಯಾರನ್‌ಹೀಟ್. ಅದು 99ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. 61ನೇ ದಿನ ಸಂಜೆ 98.6 ತೋರಿಸಿತು. ನಮಗೆ ಜ್ವರವಿಲ್ಲ ಅಂತ ಸಮಾಧಾನ ಹೇಳುವ ಅಂಕಿ ಅದು. ಕೆಂಪಿಯ ಲೆಕ್ಕದಲ್ಲಿ ರಾತ್ರಿ ನಿದ್ದೆ ಇಲ್ಲ ಅಂತ ಅರ್ಥ.

ಊಟ ಬಿಟ್ಟಳು. ಬೆಡ್‌ಶೀಟನ್ನು ಪರಪರ ಕೆರೆದು ಗುಡ್ಡೆ ಮಾಡಿದಳು. ತೇಕಿದಳು, ನಡುಗಿದಳು, ಎದ್ದಳು, ಕೂತಳು. ಈ ಚಡಪಡಿಕೆ 6ರಿಂದ 12 ಗಂಟೆ ಇರಬಹುದು, ಕೆಲವಕ್ಕೆ ಒಂದು ದಿನ. ಈ ಹೊತ್ತಿನಲ್ಲಿ ಊರವರನ್ನೆಲ್ಲ ಕರೆದು ತೋರಿಸಬಾರದು. ಜನ ಸೇರಿದರೆ ನಾಯಿ ಹೆರಿಗೆಯನ್ನೇ ತಡೆಹಿಡಿಯುತ್ತದೆ. ಮಕ್ಕಳನ್ನು ಮಲಗಿಸಿ ನಾನೊಬ್ಬಳೇ ಕೂತೆ. ಪಕ್ಕದಲ್ಲಿ ಗಡಿಯಾರ, ನೋಟ್‌ಬುಕ್ಕು, ಬಟ್ಟೆಗಳು, ಹೊಲಿಗೆ ದಾರ, ಕುದಿಸಿದ ಕತ್ತರಿ, ಅಯೋಡಿನ್, ಅಡುಗೆಮನೆಯ ತಕ್ಕಡಿ. ಅಂಗಳಕ್ಕೆ ಬಿಡುವಾಗ ಟಾರ್ಚು ಹಿಡಿದು ಹಿಂದೆಯೇ ಹೋದೆ. ಮೂತ್ರಕ್ಕೆ ಕೂತಾಗಲೇ ಮರಿ ಬಿದ್ದುಬಿಡುವುದುಂಟು.

ರಾತ್ರಿ 1 ಗಂಟೆ 20 ನಿಮಿಷಕ್ಕೆ ಮೊದಲನೆಯದು. ಹಿಂಗಾಲು ಮುಂದಾಗಿ ಬಂತು. ನನಗೆ ಕೈಕಾಲು ತಣ್ಣಗಾಯಿತು. ಹಸುವಿನಲ್ಲಾದರೆ ಇದು ಗಾಬರಿಯ ಮಾತು. ನಾಯಿಯಲ್ಲಿ ಇದು ಮಾಮೂಲಿ, ಹತ್ತರಲ್ಲಿ ನಾಲ್ಕು ಮರಿ ಹೀಗೇ ಬರುತ್ತವೆ. ಕೆಂಪಿ ಮರಿಯನ್ನು ಸುತ್ತಿದ್ದ ಚೀಲ ಹರಿದಳು, ಹೊಕ್ಕುಳ ಬಳ್ಳಿ ಕಚ್ಚಿದಳು, ನೆಕ್ಕಿ ನೆಕ್ಕಿ ಮರಿಯನ್ನು ಉರುಳಾಡಿಸಿದಳು. ಅದು ಕೀ ಅಂದಿತು. ನಾನು ಮಾಡಿದ್ದು ನೋಟ್‌ಬುಕ್ಕಿನಲ್ಲಿ ಬರೆದದ್ದು, ಅಷ್ಟೇ.

ಮೂರನೆಯದಕ್ಕೆ ಮಾತ್ರ ಕೈ ಹಾಕಬೇಕಾಯಿತು. ಅವಳಿನ್ನೂ ಎರಡನೆಯದನ್ನು ನೆಕ್ಕುತ್ತಿದ್ದಳು, ಮೂರನೆಯದು ಚೀಲದೊಳಗೇ ಬಿದ್ದಿತ್ತು. ಚೀಲವನ್ನು ಮೂಗಿನ ಕಡೆ ಹರಿದು, ಬಾಯಿ ಮೂಗು ಒರೆಸಿ, ತಲೆ ಸ್ವಲ್ಪ ತಗ್ಗಿಸಿ ಹಿಡಿದು ಬಟ್ಟೆಯಿಂದ ಬೆನ್ನು ಉಜ್ಜಿದೆ. ಜೋರಾಗಿಯೇ ಉಜ್ಜಬೇಕು. ಕಾಲು ಹಿಡಿದು ಬೀಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ. ಹೊಟ್ಟೆಯಿಂದ ಒಂದು ಇಂಚು ಬಿಟ್ಟು ಬಳ್ಳಿಗೆ ದಾರ ಕಟ್ಟಿ, ಆಚೆ ಕತ್ತರಿಸಿ, ಅಯೋಡಿನ್ ಹಚ್ಚಿದೆ. ಎಷ್ಟು ಹೊತ್ತಾಯಿತೋ, ಅದು ಬಾಯಿ ತೆರೆಯಿತು.

ಪ್ರತಿ ಮರಿಗೂ ಒಂದು ಮಾಸು, ಹೊಕ್ಕುಳ ಬಳ್ಳಿಯ ಆಚೆ ತುದಿಯಲ್ಲಿರುವುದು. ನಮ್ಮಲ್ಲಿ ಹಸುವಿನ ಮಾಸನ್ನು ಹಾಲು ಬರುವ ಮರಕ್ಕೆ ಕಟ್ಟುವವರಿದ್ದಾರೆ. ನಾಯಿ ತಾನೇ ತಿಂದುಬಿಡುತ್ತದೆ. ಒಂದೆರಡು ತಿಂದರೆ ಅಡ್ಡಿಯಿಲ್ಲ, ಎಲ್ಲವನ್ನೂ ತಿಂದರೆ ಹೊಟ್ಟೆ ಕೆಡುತ್ತದೆ. ಆದರೆ ಎಣಿಸಬೇಕು. ಒಳಗೆ ಉಳಿದರೆ ನಂಜಾಗಬಹುದು.

ಐದನೆಯದಾದ ಮೇಲೆ ಒಂದೂವರೆ ಗಂಟೆ ಏನೂ ಇಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಎರಡೇ. "ತಿಣುಕುತ್ತಿದ್ದಾಳಾ? ಏನಾದರೂ ಸುರಿಯುತ್ತಿದೆಯಾ?" ಇಲ್ಲ, ಮರಿಗಳಿಗೆ ಹಾಲು ಕೊಟ್ಟು ಕಣ್ಣು ಮುಚ್ಚಿದ್ದಾಳೆ ಅಂದೆ. "ಹಾಗಾದರೆ ನೀವೂ ಒಂದು ಕಾಫಿ ಕುಡಿಯಿರಿ ಅಮ್ಮ" ಅಂದರು. ಇಪ್ಪತ್ತು ನಿಮಿಷಕ್ಕೆ ಆರನೆಯದು ಬಂತು.

ಡಾಕ್ಟರನ್ನು ನಿಜವಾಗಿ ಓಡಿ ಹುಡುಕಬೇಕಾದದ್ದು ಯಾವಾಗ? ಜೋರಾಗಿ ತಿಣುಕುತ್ತಾ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ. ಒಳಗೆ ಮರಿ ಇದ್ದೂ ಎರಡು ಗಂಟೆ ಮೀರಿದರೆ. ಒಂದೂ ಮರಿ ಬರುವ ಮೊದಲೇ ಕಡು ಹಸಿರು ನೀರು ಸುರಿದರೆ. ಮರಿ ಬಂದ ಮೇಲೆ ಆ ಹಸಿರು ಮಾಮೂಲಿ. ಮೊದಲೇ ಬಂದರೆ ಮಾಸು ಕಳಚಿದೆ, ಮರಿಗೆ ಉಸಿರು ಸಿಗುತ್ತಿಲ್ಲ ಅಂತ ಅರ್ಥ. ಇನ್ನೊಂದು, ಹಸುವಿಗೆ ಹಾಲಿಳಿಸಲು ಚುಚ್ಚುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ಯಾರೋ ನಾಯಿಗೂ ಹಾಕಲು ಬಂದರೆ ಬಿಡಬೇಡಿ. ಮರಿ ಅಡ್ಡ ಸಿಕ್ಕಿದ್ದರೆ ಗರ್ಭಕೋಶವೇ ಹರಿಯಬಹುದು.

ಬೆಳಗಾಯಿತು. ಅತ್ತೆ ಬಾಣಂತಿಗೆಂದು ಬೆಳ್ಳುಳ್ಳಿ ಸಾರು ಮಾಡಿಯೇಬಿಟ್ಟಿದ್ದರು! ಡಬ್ಬದಿಂದ ಅಂಟಿನುಂಡೆಯನ್ನೂ ತೆಗೆದಿದ್ದರು. ಇವರೇ ಎಕ್ಸ್‌ರೇಗೆ ಗೊಣಗಿದವರು. "ಅತ್ತೆ, ಬೆಳ್ಳುಳ್ಳಿ ನಾಯಿಗೆ ಆಗುವುದಿಲ್ಲ, ರಕ್ತ ಕೆಡುತ್ತದೆ. ಈರುಳ್ಳಿಯೂ ಅಷ್ಟೇ. ಉಂಡೆಯಲ್ಲಿರುವ ಒಣದ್ರಾಕ್ಷಿ ಕಿಡ್ನಿಗೆ ವಿಷ" ಅಂದೆ. "ಬಾಣಂತಿಗೆ ಆಗದ ಬೆಳ್ಳುಳ್ಳಿ ಎಲ್ಲಿಯದು ಮಾರಾಯ್ತಿ" ಅಂದರು. ಕೊನೆಗೆ ಗಂಜಿ ಮತ್ತು ಮೊಟ್ಟೆಗೆ ಒಪ್ಪಿದರು. ಅಂಟಿನುಂಡೆ ನನಗೆ ಸಿಕ್ಕಿತು.

ಮೊದಲ ದಿನದ ಗಿಣ್ಣು ಹಾಲು ಎಲ್ಲ ಮರಿಗಳ ಹೊಟ್ಟೆಗೂ ಹೋಗಬೇಕು. ರೋಗ ತಡೆಯುವ ಶಕ್ತಿ ಅದರಿಂದ ಬರುವುದು, ಅದೂ ಮೊದಲ 24 ಗಂಟೆಯೊಳಗೆ. ಸಣ್ಣ ಮರಿಯನ್ನು ಹಿಂದಿನ ಮೊಲೆಗೆ ಹಿಡಿಸಿ, ಅಲ್ಲಿ ಹಾಲು ಜಾಸ್ತಿ. ದಿನಾ ತೂಗಿ ಬರೆಯಿರಿ. 300 ಗ್ರಾಮಿನ ಮರಿ ಹತ್ತು ದಿನದಲ್ಲಿ 600 ಗ್ರಾಂ ಆಸುಪಾಸಿಗೆ ಬರಬೇಕು. ಒಂದು ದಿನ ತೂಕ ಇಳಿದರೂ ಏನೋ ಇದೆ ಅಂತ. ಹನ್ನೊಂದನೇ ದಿನ ನಮ್ಮ ಮಕ್ಕಳು ನಾಮಕರಣ ಇಟ್ಟುಕೊಂಡರು. ಅವತ್ತೇ ಎರಡು ಮರಿ ಕಣ್ಣು ಬಿಟ್ಟವು. ಎರಡು ವಾರಕ್ಕೆ ಜಂತುಹುಳುವಿನ ಔಷಧಿ. ಮರಿ ತಾಯಿಯ ಹೊಟ್ಟೆಯಲ್ಲಿರುವಾಗಲೇ ಹುಳು ಅದಕ್ಕೆ ದಾಟಿರುತ್ತದೆ.

ಆಗ ಅರ್ಧಕ್ಕೆ ಬಿಟ್ಟ ಕ್ಯಾಲ್ಸಿಯಂ ಮಾತು ಮುಗಿಸುತ್ತೇನೆ. ಎರಡು, ಮೂರು, ನಾಲ್ಕನೇ ವಾರದಲ್ಲಿ ಹಾಲು ಜೋರು. ಆಗ ತಾಯಿ ಕಾರಣವಿಲ್ಲದೆ ಚಡಪಡಿಸಿದರೆ, ಕಾಲು ಸೆಟೆದು ನಡೆದರೆ, ಮೈ ಅದುರಿದರೆ ಮರಿಗಳನ್ನು ಬೇರೆ ಮಾಡಿ ತಕ್ಷಣ ಡಾಕ್ಟರ ಹತ್ತಿರ ಹೊರಡಿ. ನಾಳೆ ನೋಡೋಣ ಅಂದರೆ ನಾಯಿ ಉಳಿಯುವುದಿಲ್ಲ. ಸಣ್ಣ ಜಾತಿಯ ನಾಯಿಗಳಲ್ಲಿ ಇದು ಜಾಸ್ತಿ.

ನಾನು ಮಾಡದೇ ಉಳಿದ ತಯಾರಿ ಒಂದಿತ್ತು. ಮರಿಗಳಿಗೆ ಮನೆ ಹುಡುಕುವುದು. ಎಂಟು ವಾರ ತುಂಬದೆ ಯಾರಿಗೂ ಕೊಡಬಾರದು. 2017ರ ಕೇಂದ್ರದ ನಿಯಮದಲ್ಲೂ ಅದಕ್ಕಿಂತ ಚಿಕ್ಕ ಮರಿಯನ್ನು ಮಾರಬಾರದು ಅಂತ ಇದೆ. ಎರಡು ಗಂಡು ಮರಿ ಬೇಕೆಂದು ಒಂಬತ್ತು ಜನ ಬಂದರು. ನಾಲ್ಕು ಹೆಣ್ಣು ಮರಿಗಳನ್ನು ಕಂಡು "ಹೆಣ್ಣಾ?" ಅಂತ ಮುಖ ತಿರುಗಿಸಿದರು. ಸಂತೆಯ ಹತ್ತಿರ, ಬಸ್‌ಸ್ಟ್ಯಾಂಡಿನ ಹತ್ತಿರ ಚೀಲದಲ್ಲಿ ತಂದು ಬಿಟ್ಟುಹೋದ ಮರಿಗಳನ್ನು ನೋಡಿ, ಹೆಚ್ಚಿನವು ಹೆಣ್ಣೇ. ಫೋನು ಮಾಡಿ ಮಾಡಿ ಮೂರಕ್ಕೆ ಮನೆ ಸಿಕ್ಕಿತು. ಹಾಲು ಬತ್ತಿದ ಮೇಲೆ ಕೆಂಪಿಗೆ ಸಂತಾನಹರಣ ಆಪರೇಷನ್ ಮಾಡಿಸಿದೆವು.

ನಾಲ್ಕನೆಯ ಹೆಣ್ಣು, ಆ ರಾತ್ರಿ ಚೀಲದೊಳಗೆ ಬಿದ್ದಿದ್ದ ಮೂರನೆಯ ಮರಿ, ನಮ್ಮಲ್ಲೇ ಇದೆ. ಬಚ್ಚಲ ಗೋಡೆಗೆ ಬೆನ್ನು ಹಚ್ಚಿ ಮಲಗುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಬಲ್ಬನ್ನು ಕೋಳಿಯವರಿಗೆ ವಾಪಸು ಕೊಟ್ಟಾಯಿತು.

ನಮಸ್ಕಾರ.