ಜೋಳದ ಹೊಲದಲ್ಲಿ ಹಾದಿ ಹುಡುಕೋಣ

ಕೇಳುಗರಿಗೆ ನಮಸ್ಕಾರ.

ಗೋವೆಯ ವಾಸ್ಕೊ, ಮಡಗಾಂವ್, ಫೋಂಡಾ ಕಡೆ ಇರುವ ನಮ್ಮವರಲ್ಲಿ ಎಷ್ಟೋ ಜನ ಹಾವೇರಿ, ಗದಗ, ಬಾಗಲಕೋಟೆ, ವಿಜಯಪುರ ಕಡೆಯವರು. ಗೋವಿನಜೋಳದ, ಅಂದರೆ ಮೆಕ್ಕೆಜೋಳದ ಹೊಲ ನಿಮಗೆ ಹೊಸದಲ್ಲ. ಬೆಳೆ ಆಳೆತ್ತರ ಮೀರಿದ ಮೇಲೆ ಒಳಗೆ ಹೊಕ್ಕ ಮಗು ನಾಲ್ಕು ಸಾಲು ದಾಟಿದರೆ ಸಾಕು, ಕಣ್ಣಿಗೆ ಬೀಳುವುದಿಲ್ಲ. ಅಂಥ ಹೊಲದಲ್ಲಿ ಬೇಕೆಂದೇ ಕವಲು ದಾರಿಗಳನ್ನು ಬಿಟ್ಟು, ಜನರನ್ನು ಒಳಗೆ ಕಳಿಸಿ, ‘ಈಗ ಹೊರಗೆ ಬನ್ನಿ’ ಎನ್ನುವ ಆಟವೊಂದಿದೆ. ಕಾರ್ನ್ ಮೇಜ್ ಎನ್ನುತ್ತಾರೆ.

ಈಗಿನ ರೂಪದಲ್ಲಿ ಇದು ಶುರುವಾದದ್ದು 1993ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಆನ್‌ವಿಲ್ ಎಂಬ ಊರಿನಲ್ಲಿ. ನಾಟಕ ನಿರ್ಮಾಪಕ ಡಾನ್ ಫ್ರಾಂಟ್ಸ್ ಮತ್ತು ಇಂಗ್ಲೆಂಡಿನ ಸುತ್ತುದಾರಿ ವಿನ್ಯಾಸಕ ಏಡ್ರಿಯನ್ ಫಿಶರ್ ಸೇರಿ ಹೊಲದಲ್ಲಿ ಡೈನೋಸಾರ್ ಆಕಾರದ ಹಾದಿ ಮಾಡಿದರು. ಈಗ ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಊರೂರಲ್ಲೂ ಇಂಥ ಹೊಲಗಳು. ಆಟ ಮುಗಿದ ಮೇಲೂ ತೆನೆ ರೈತನದೇ. ಇದು ನನಗೆ ಬಹಳ ಹಿಡಿಸಿದ ಮಾತು.

ಹಾದಿ ಹೇಗೆ ಮಾಡುತ್ತಾರೆ? ಅಡ್ಡ, ಉದ್ದ ಎರಡೂ ಕಡೆ ಬಿತ್ತಿ ಬೆಳೆಯನ್ನು ದಟ್ಟ ಮಾಡುತ್ತಾರೆ. ಸಾಲುಗಳ ಸಂದಿಯಲ್ಲಿ ಯಾರೂ ನುಸುಳಬಾರದಲ್ವಾ? ಸಸಿ ಚಿಕ್ಕದಿರುವಾಗಲೇ ಹಾದಿಯ ಗಿಡ ತೆಗೆಯುತ್ತಾರೆ. ಸುಮ್ನೆ ಮೇಲಿಂದ ಕೊಯ್ದರೆ ಸಾಲದು. ಮೊಣಕಾಲೆತ್ತರ ಬರುವವರೆಗೆ ಗೋವಿನಜೋಳದ ಸುಳಿಯ ತುದಿ ಮಣ್ಣಿನೊಳಗೇ ಇರುತ್ತದೆ, ಮತ್ತೆ ಚಿಗುರುತ್ತದೆ. ಬೇರುಸಮೇತ ಕೀಳಬೇಕು.

ಇನ್ನು ಒಳಗೆ ಹೋದವರ ವಿಷಯ. ದಾರಿ ತಪ್ಪಿದಾಗ ಮನುಷ್ಯ ನಿಜವಾಗಿಯೂ ಸುತ್ತು ಹೊಡೆಯುತ್ತಾನೆ. ಜರ್ಮನಿಯ ವಿಜ್ಞಾನಿಗಳು ಜನರನ್ನು ಕಾಡಿನಲ್ಲಿ ನೇರವಾಗಿ ನಡೆಯಲು ಹೇಳಿ ಪರೀಕ್ಷಿಸಿದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಮೋಡ ಕವಿದ ದಿನ ನಡೆದವರು ತಮಗೇ ಗೊತ್ತಿಲ್ಲದೆ ತಾವು ದಾಟಿ ಬಂದ ಜಾಗಕ್ಕೇ ಮರಳಿದರು. ಸೂರ್ಯ ಕಾಣುತ್ತಿದ್ದವರು ಹೆಚ್ಚುಕಡಿಮೆ ನೇರವಾಗಿ ಹೋದರು. ಹಾಗಾಗಿ ಹೊಲದೊಳಗೆ ಕಾಲಿಡುವ ಮೊದಲು ಬಿಸಿಲು ಯಾವ ಹೆಗಲ ಮೇಲೆ ಬೀಳುತ್ತಿದೆ, ನೋಡಿಕೊಳ್ಳಿ.

ಎರಡನೆಯದು ಬಲಗೈ ನಿಯಮ. ದ್ವಾರದಲ್ಲೇ ಬಲಗೈಯನ್ನು ಬಲಬದಿಯ ಗಿಡಗಳ ಕಡೆ ಚಾಚಿ, ಕೊನೆಯವರೆಗೂ ಆ ಬದಿ ಬಿಡದೆ ನಡೆಯಿರಿ. ಹೊರಗೆ ಹೋಗುವ ದಾರಿ ಹೊಲದ ಅಂಚಿನಲ್ಲೇ ಇದ್ದರೆ ಇದು ಖಂಡಿತ ತಲುಪಿಸುತ್ತದೆ, ನಡಿಗೆ ಜಾಸ್ತಿ ಆಗಬಹುದು ಅಷ್ಟೇ. ಎಲೆ ಮುಟ್ಟಬೇಡಿ, ಅಂಚು ಚರ್ಮ ಕೊಯ್ಯುತ್ತದೆ. ನಡುವೆ ಎಲ್ಲೋ ನೆನಪಾಗಿ ಈ ನಿಯಮ ಶುರು ಮಾಡಿದರೆ ಮಾತ್ರ ಕಷ್ಟ. ಸುತ್ತಲೂ ಹಾದಿಯಿರುವ ಗಿಡಗಳ ಗುಂಪೊಂದು ಸಿಕ್ಕರೆ ಅದನ್ನೇ ಸುತ್ತುತ್ತಾ ಇರುತ್ತೀರಿ. ತಲುಪಬೇಕಾದ ಜಾಗ ಹೊಲದ ನಡುವೆ ಇದ್ದರೂ ಈ ನಿಯಮ ಕೈಕೊಡಬಹುದು.

ಅದಕ್ಕೆ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಎಂಜಿನಿಯರ್ ಟ್ರೆಮೊ ಅವರ ಉಪಾಯವಿದೆ. ನಡೆದ ದಾರಿಗೆಲ್ಲ ಗುರುತು ಹಾಕುತ್ತಾ ಹೋಗಿ. ಹೊಸ ದಾರಿ ನಿಮ್ಮನ್ನು ಹಳೆಯ ಕವಲಿಗೇ ತಂದರೆ ಬಂದ ದಾರಿಯಲ್ಲೇ ಹಿಂತಿರುಗಿ. ಎರಡು ಸಲ ನಡೆದ ದಾರಿಗೆ ಮತ್ತೆ ಕಾಲಿಡಬೇಡಿ. ಗುರುತಿಗೆಂದು ಗಿಡ ಮುರಿಯುವುದು ಬೇಡ, ಚೀಟಿಯಲ್ಲಿ ನಕ್ಷೆ ಬರೆಯಿರಿ. ಪೆನ್ಸಿಲ್ ಮಕ್ಕಳ ಕೈಗೆ ಕೊಡಿ. ಎಡಕ್ಕೋ ಬಲಕ್ಕೋ ಎಂದು ಅವರು ಜಗಳವಾಡಿ ತೀರ್ಮಾನಿಸುವುದನ್ನು ನೋಡುವುದೇ ಒಂದು ಸಂತೋಷ.

ಗೋವೆಯಲ್ಲಿದ್ದುಕೊಂಡು ಇದನ್ನೇಕೆ ಹೇಳುತ್ತಿದ್ದೇನೆ ಅಂದರೆ, ಸುತ್ತುದಾರಿಯ ಬಹು ಹಳೆಯ ಚಿತ್ರವೊಂದು ನಮ್ಮ ಹತ್ತಿರವೇ ಇದೆ. ಸಾಂಗೆ ತಾಲ್ಲೂಕಿನ ಉಸಗಾಳಿಮಳದಲ್ಲಿ, ಕುಶಾವತಿ ಹೊಳೆಯ ದಂಡೆಯ ಜಂಬಿಟ್ಟಿಗೆ ಬಂಡೆಯ ಮೇಲೆ, ಗೂಳಿ, ಜಿಂಕೆಗಳ ಜೊತೆ ಸುತ್ತುಸುತ್ತಾದ ವೃತ್ತಗಳ ಕೆತ್ತನೆಯೂ ಇದೆ. ಇತಿಹಾಸಾಸಕ್ತರ ಗಮನಕ್ಕೆ ಅದು ಬಂದದ್ದೂ 1993ರಲ್ಲೇ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿರುವ ಚಕ್ರವ್ಯೂಹವನ್ನು ನೋಡಿದವರಿಗೆ ಇದನ್ನು ಕಂಡ ಕೂಡಲೇ ಅದು ನೆನಪಾಗುತ್ತದೆ. ಮಡಗಾಂವ್‌ನಿಂದ ಕೇಪೆ, ರಿವಣ ದಾಟಿ ಹೋಗಬೇಕು. ಮಳೆ ಹಿಡಿಯುವ ಮೊದಲು, ಈ ಮೇ ತಿಂಗಳಲ್ಲೇ ಹೋಗಿಬನ್ನಿ. ಬಂಡೆಯನ್ನು ತುಳಿಯದೆ, ಕಣ್ಣಿನಲ್ಲೇ ಒಂದೊಂದು ಸುತ್ತು ಹಿಂಬಾಲಿಸಿ.

ನನಗೆ ಇನ್ನೊಂದು ಆಸೆಯಿದೆ. ನಿಮ್ಮ ಮಕ್ಕಳು ಇಲ್ಲೇ ಹುಟ್ಟಿದವರು. ಅವರಿಗೆ ಊರೆಂದರೆ ಹಬ್ಬದ ಊಟ, ನೆಂಟರ ಮನೆ. ಹೊಲದ ಒಳಗಿನ ನೆರಳು, ಎಲೆಯ ಸದ್ದು ಅವರಿಗೂ ಸಿಗಬೇಕು. ದಸರೆಗೆ ಹೋದಾಗ ಅಣ್ಣನ ಹೊಲದಲ್ಲಿ ಒಂದು ಮೂಲೆ ಇದಕ್ಕೇ ಇರಲಿ. ಅರ್ಧ ಎಕರೆ ಧಾರಾಳ ಸಾಕು. ಹಾದಿ ಇಬ್ಬರು ಜೊತೆಗೆ ನಡೆಯುವಷ್ಟು ಅಗಲವಿರಲಿ, ಒಳಗೆ ಗಾಳಿ ಆಡುವುದಿಲ್ಲ, ನೀರಿನ ಬಾಟಲಿ ಇರಲಿ. ಬೆಳೆ ತಿನ್ನುವ ಸೈನಿಕ ಹುಳುವಿಗೆ ಔಷಧಿ ಹೊಡೆದ ಹೊಸತರಲ್ಲಿ ಮಕ್ಕಳನ್ನು ಒಳಗೆ ಬಿಡಲೇಬೇಡಿ. ಹಾವಿನ ಭಯವಿರುತ್ತದೆ, ಮುಂದೆ ದೊಡ್ಡವರೊಬ್ಬರು ಕೋಲು ಹಿಡಿದು ನಡೆಯಲಿ. ಸಂಜೆಯ ಮೊದಲು ಎಲ್ಲರೂ ಹೊರಗಿರಬೇಕು.

ಅಡ್ಡ ಬಿತ್ತನೆಗೆ ಬೀಜ ಜಾಸ್ತಿ ಬೇಕಾಗುತ್ತದೆ, ಅದರ ಖರ್ಚು ನೀವೇ ಕೊಡಿ. ಮುಂಗಾರು ಬಂದ ಕೂಡಲೇ ಅಲ್ಲಿ ಕೂರಿಗೆ ಹೂಡುತ್ತಾರೆ. ಹಾಗಾಗಿ ಊರಿಗೆ ಫೋನ್ ಮಾಡುವುದಿದ್ದರೆ ಈ ವಾರವೇ ಮಾಡಿ.

ನಮಸ್ಕಾರ.