ಜುಲೈ ಬಂದರೆ ಕೂಲರ್ ಯಾಕೆ ಕೈ ಕೊಡುತ್ತದೆ?

[ದೃಶ್ಯ: ಕಿಟಕಿಗೆ ಕೂಡಿಸಿದ ಕೂಲರ್. ಬಂದ್ ಆಗಿದೆ.]

ನಮಸ್ಕಾರ, ರಾಯಚೂರಿನಿಂದ ಮಾತಾಡುತ್ತಿದ್ದೇನೆ. ಹಿಂದೆ ಕಾಣುತ್ತಿರುವ ಕೂಲರ್ ಬೇಕಂತಲೇ ಆಫ್ ಮಾಡಿದ್ದೇನೆ. ಆನ್ ಇದ್ದರೆ ಮೈಕಿನಲ್ಲಿ ನನಗಿಂತ ಅದರ ಮಾತೇ ಜಾಸ್ತಿ. ಹೊರಗೆ 42 ಡಿಗ್ರಿ. ಬೇಗ ಮುಗಿಸೋಣ.

ಸಿಂಧನೂರಿನಿಂದ ಒಬ್ಬರು ಕೇಳಿದ್ದಾರೆ: "ಸರ್, ಏಪ್ರಿಲ್‌ನಲ್ಲಿ ನಮ್ಮ ಕೂಲರ್ ಎ.ಸಿ. ಥರ ಗಾಳಿ ಕೊಡುತ್ತದೆ. ಜುಲೈನಲ್ಲೂ ಅದೇ ಕೂಲರ್, ಅದೇ ನೀರು, ಹೊಸ ಹುಲ್ಲು ಬೇರೆ ಹಾಕಿಸಿದ್ದೆ. ಮೈಯೆಲ್ಲ ಅಂಟಂಟು. ಯಾಕೆ?"

ಗಾಳಿ ಸ್ಪಂಜಿನ ಹಾಗೆ ನೀರು ಹೀರುತ್ತದೆ, ಹೊಟ್ಟೆ ತುಂಬಿದ ಮೇಲೆ ಹೀರುವುದಿಲ್ಲ. ಸ್ಕೂಲಲ್ಲಿ ನಾನು ಕಲಿತದ್ದು ಇದು. ಕೇಳಲು ಚೆನ್ನಾಗಿದೆ. ಆದರೆ ತಪ್ಪು.

ಗಾಳಿಯಲ್ಲಿ 78 ಪಾಲು ನೈಟ್ರೋಜನ್, 21 ಪಾಲು ಆಕ್ಸಿಜನ್, ಚೂರುಪಾರು ಆರ್ಗಾನ್. ಸಮುದ್ರಮಟ್ಟದಲ್ಲಿ ಒಟ್ಟು ಒತ್ತಡ 760 ಮಿಲಿಮೀಟರ್ ಪಾದರಸ. ರಾಯಚೂರು ಸುಮಾರು 400 ಮೀಟರ್ ಮೇಲಿದೆ, ಇಲ್ಲಿ ಸ್ವಲ್ಪ ಕಮ್ಮಿ. ಅದನ್ನು ಬಿಡಿ.

[ದೃಶ್ಯ: ಗೆರೆ ಎಳೆದ ನೋಟ್‌ಬುಕ್, ಪಕ್ಕದಲ್ಲಿ ಕುಂಕುಮದ ಬಟ್ಟಲು.]

ಮದುವೆ ಮನೆಯಲ್ಲಿ ಒಬ್ಬರು ಮುಯ್ಯಿ ಬರೆಯಲು ಕೂತಿರುತ್ತಾರಲ್ಲ? ಗಾಳಿಯ ಒತ್ತಡ ಅಂದರೆ ಆ ಪುಸ್ತಕದ ಒಟ್ಟು ಮೊತ್ತ. 760 ರೂಪಾಯಿ ಅನ್ನಿ. ಸುಮಾರು 593 ನೈಟ್ರೋಜನ್ ಮನೆಯವರದು, 159 ಆಕ್ಸಿಜನ್ ಮನೆಯವರದು. ಒಬ್ಬೊಬ್ಬರ ಹೆಸರಿನ ಮುಂದೆ ಬರೆದದ್ದೇ ಅವರವರ ಆಂಶಿಕ ಒತ್ತಡ, ಪಾರ್ಷಿಯಲ್ ಪ್ರೆಷರ್. ಪಕ್ಕದವರು ಎಷ್ಟು ಬರೆಸಿದರು ಅಂತ ನೋಡಿ ಯಾರೂ ಕೈ ಹಿಂದೆ ತೆಗೆಯುವುದಿಲ್ಲ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ 1801ರಲ್ಲಿ ಹೇಳಿದ್ದು ಇಷ್ಟೇ. ನಮ್ಮ ನೆಂಟರು ಹಾಗಲ್ಲ ಬಿಡಿ. ತಮ್ಮ ಮನೆಯ ಹಳೇ ಪುಸ್ತಕ ತೆಗೆದು, ನಾವು ಎಷ್ಟು ಹಾಕಿದ್ದೆವು ನೋಡಿಕೊಂಡೇ ಬರುತ್ತಾರೆ.

ಈ ಮದುವೆಗೆ ನೀರಾವಿ ಅನ್ನುವ ಒಬ್ಬ ನೆಂಟನೂ ಬರುತ್ತಾನೆ. ಅವನು ಹೆಚ್ಚೆಂದರೆ ಎಷ್ಟು ಹಾಕಬಹುದು ಅನ್ನುವುದನ್ನು ತೀರ್ಮಾನಿಸುವುದು ಬಿಸಿ ಮಾತ್ರ. 30 ಡಿಗ್ರಿಗೆ 32 ರೂಪಾಯಿ. 42 ಡಿಗ್ರಿಗೆ 61. ಮಜಾ ಏನು ಗೊತ್ತಾ? ಒಂದು ಡಬ್ಬಿಯಿಂದ ಗಾಳಿಯನ್ನೆಲ್ಲ ತೆಗೆದು, ಒಳಗೆ ಬರೀ ನೀರಿಟ್ಟರೂ 42 ಡಿಗ್ರಿಗೆ ಹೆಚ್ಚುಕಮ್ಮಿ ಅದೇ 61. ಒಳಗೆ ಗಾಳಿಯೇ ಇಲ್ಲ. ಹಾಗಾದರೆ ನೀರು ಹೀರಿದ್ದು ಯಾರು?

ಡಾಲ್ಟನ್ ಅಂದರೆ ಎಲ್ಲರೂ ಪರಮಾಣು ಅನ್ನುತ್ತಾರೆ. ನನಗೆ ಇಷ್ಟ ಅವರ ಹವಾಮಾನದ ಡೈರಿ. 1787ರಿಂದ 1844ರವರೆಗೆ, 2 ಲಕ್ಷಕ್ಕೂ ಮಿಕ್ಕಿ ಟಿಪ್ಪಣಿಗಳು. ಇಂಗ್ಲೆಂಡಿನ ಆ ಮಳೆಯಲ್ಲಿ ನೀರಾವಿಯ ಬೆನ್ನು ಹತ್ತಿಯೇ ಅವರು ಈ ನಿಯಮಕ್ಕೆ ಬಂದದ್ದು. ಸಾಯುವ ಹೊತ್ತಿಗೆ ಕೈ ನಡುಗುತ್ತಿದ್ದರೂ ಅವತ್ತಿನ ಮಳೆ ಬರೆದಿಟ್ಟೇ ಹೋದರು. ಪುಣ್ಯಾತ್ಮ ರಾಯಚೂರಲ್ಲಿ ಹುಟ್ಟಿದ್ದರೆ "ಇವತ್ತೂ ಬಿಸಿಲು" ಅಂತಲೇ ಪುಸ್ತಕ ತುಂಬುತ್ತಿತ್ತು.

ಈಗ ಕೂಲರ್. ಏಪ್ರಿಲ್ ಮಧ್ಯಾಹ್ನ, 42 ಡಿಗ್ರಿ, ತೇವಾಂಶ ಶೇ. 20 ಅನ್ನಿ. 61 ಹಾಕಬಹುದಾದ ನೀರಾವಿ ಹಾಕಿರುವುದು ಬರೀ 12. ಇನ್ನೂ 49 ಬಾಕಿ. ಹುಲ್ಲಿನ ಮೇಲೆ ಇಳಿಯುವ ನೀರು ಓಡೋಡಿ ಆವಿಯಾಗುತ್ತದೆ. ಅದಕ್ಕೆ ಬೇಕಾದ ಬಿಸಿಯನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಒಳ್ಳೆಯ ಕೂಲರ್ ಆದರೆ ಗಾಳಿ 27, 28ಕ್ಕೆ ಇಳಿಯುತ್ತದೆ. ಜುಲೈನಲ್ಲಿ 32 ಡಿಗ್ರಿ, ತೇವಾಂಶ ಶೇ. 70 ಇದ್ದರೆ? ಮಿತಿ 36, ಆಗಲೇ 25 ಬಂದಾಗಿದೆ. ಉಳಿದದ್ದು 11. ಮೂರು, ನಾಲ್ಕು ಡಿಗ್ರಿ ಇಳಿದರೆ ದೊಡ್ಡದು. ನಿಮ್ಮ ಬೆವರಿಗೂ ಅದೇ ಗತಿ, ಅದಕ್ಕೇ ಅಂಟಂಟು. ಹುಲ್ಲು ಮಾರಿದವರದು ತಪ್ಪಿಲ್ಲ.

ಕೆಲವರು ಕೂಲರ್ ಹಚ್ಚಿ ಬಾಗಿಲು, ಕಿಟಕಿ ಎಲ್ಲ ಮುಚ್ಚುತ್ತಾರೆ. ಹಾಗೆ ಮಾಡಿದರೆ ಕೋಣೆಯೊಳಗೇ ಜುಲೈ ತಂದುಕೊಂಡ ಹಾಗೆ. ಎದುರಿನ ಕಿಟಕಿ ತೆಗೆದಿಡಿ.

ಟೈಮ್ ಆಯಿತು, ಇದೇ ಲೆಕ್ಕದ ಇನ್ನೆರಡು ಉದಾಹರಣೆಗಳನ್ನು ಒಂದೇ ಉಸಿರಿಗೆ ಹೇಳುತ್ತೇನೆ. ತೆರೆದ ಸೋಡಾ ಬಾಟಲಿಗೆ ಗಾಳಿ ತುಂಬಿ ಮುಚ್ಚಿದರೂ ಅದು ಸಪ್ಪೆಯಾಗುತ್ತದೆ. ಸೋಡಾದ ಗ್ಯಾಸ್ ಉಳಿಯಲು ಬೇಕಾದದ್ದು ಕಾರ್ಬನ್ ಡೈ ಆಕ್ಸೈಡಿನ ಒತ್ತಡ, ಗಾಳಿಯಲ್ಲಿ ಅದು ಶೇ. 0.04 ಮಾತ್ರ. ಎವರೆಸ್ಟ್ ತುದಿಯಲ್ಲೂ ಆಕ್ಸಿಜನ್ 21 ಪಾಲೇ. ಆದರೆ ಒಟ್ಟು ಮೊತ್ತವೇ ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ, ಅದಕ್ಕೇ ಏದುಸಿರು.

ಅಂಗಿ ಪೂರಾ ಒದ್ದೆ. ನೀವು ಕಾಮೆಂಟ್ ಹಾಕುತ್ತಿರಿ, ನಾನು ಕೂಲರ್ ಹಚ್ಚುತ್ತೇನೆ.

[ಶಬ್ದ: ಕೂಲರ್. ಮುಂದೆ ಏನೂ ಕೇಳಿಸುವುದಿಲ್ಲ.]