ಮಿಡಿಯುವ ನಕ್ಷತ್ರದಿಂದ ಆಂಡ್ರೋಮೆಡಾದ ದೂರ

ಈಗ ತೆರೆಯ ಮೇಲೆ ಕಾಣುತ್ತಿರುವ ಆಕಾಶವನ್ನು ನಾನು ಕಳೆದ ಅಮಾವಾಸ್ಯೆಯ ರಾತ್ರಿ ಚಿತ್ರೀಕರಿಸಿದೆ. ಕ್ಯಾಮೆರಾದ ಕಣ್ಣಿಗೆ ಚುಕ್ಕಿಗಳೆಲ್ಲ ಒಂದೇ ಹಾಳೆಗೆ ಅಂಟಿಸಿದಂತಿವೆ. ಹೊಳಪನ್ನು ನೋಡಿ ದೂರವನ್ನು ಊಹಿಸುವಂತಿಲ್ಲ, ಏಕೆಂದರೆ ಹತ್ತಿರದ ಮಂಕು ನಕ್ಷತ್ರವೂ ಬಹುದೂರದ ಪ್ರಖರ ನಕ್ಷತ್ರವೂ ನಮಗೆ ಒಂದೇ ಬಗೆಯಾಗಿ ಕಾಣಬಲ್ಲವು. ಹಾಗಿದ್ದರೂ ಖಗೋಳ ವಿಜ್ಞಾನಿಗಳು ದೂರಗಳನ್ನು ಅಳೆದಿದ್ದಾರೆ. ಆ ಬಗೆಯನ್ನು ತಿಳಿದಾಗ ನನಗಾದ ಸಂತೋಷವನ್ನು ಹಂಚಿಕೊಳ್ಳುವುದಕ್ಕಾಗಿಯೇ ಈ ವಿಡಿಯೋ.

ಚಂದ್ರನ ಲೆಕ್ಕ ಸರಳ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿ ಇಟ್ಟುಬಂದ ಪ್ರತಿಫಲಕದತ್ತ ಲೇಸರ್ ಹಾಯಿಸಿದರೆ ಬೆಳಕು ಸುಮಾರು ಎರಡೂವರೆ ಸೆಕೆಂಡಿನಲ್ಲಿ ಮರಳುತ್ತದೆ, ಆ ಸಮಯವೇ ದೂರವನ್ನು ತಿಳಿಸುತ್ತದೆ. ಶುಕ್ರನಿಗೆ ರೇಡಾರ್ ಅಲೆಗಳನ್ನು ಕಳಿಸಿ ಸೂರ್ಯನ ದೂರವನ್ನೂ, ಅಂದರೆ ಸುಮಾರು 15 ಕೋಟಿ ಕಿಲೋಮೀಟರನ್ನು, ನಿಖರಪಡಿಸಿಕೊಂಡರು. ನಕ್ಷತ್ರಗಳಿಗೆ ಈ ಉಪಾಯ ಸಲ್ಲದು.

ಈಗ ತೋಳನ್ನು ಚಾಚಿ, ಹೆಬ್ಬೆರಳನ್ನು ಎತ್ತಿ ಹಿಡಿದು, ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿ. ಹಿಂದಿನ ಗೋಡೆಯೆದುರು ಬೆರಳು ಅತ್ತಿತ್ತ ಜಿಗಿಯುತ್ತದೆ. ಬೆರಳನ್ನು ಮುಖದ ಹತ್ತಿರ ತಂದರೆ ಜಿಗಿತ ಹೆಚ್ಚುತ್ತದೆ. ಎರಡು ಕಣ್ಣುಗಳ ಬದಲಿಗೆ ಭೂಮಿಯ ಕಕ್ಷೆಯ ಎರಡು ತುದಿಗಳನ್ನು ಇಟ್ಟುಕೊಳ್ಳಿ: ಆರು ತಿಂಗಳ ಅಂತರದಲ್ಲಿ ಅದೇ ನಕ್ಷತ್ರವನ್ನು ನೋಡುವ ನಾವು 30 ಕೋಟಿ ಕಿಲೋಮೀಟರ್ ಆಚೆಗೆ ಸರಿದಿರುತ್ತೇವೆ. ಇದೇ ಪ್ಯಾರಲಾಕ್ಸ್. 1838ರಲ್ಲಿ ಜರ್ಮನಿಯ ಬೆಸೆಲ್ ಅವರು 61 ಸಿಗ್ನಿ ಎಂಬ ನಕ್ಷತ್ರದಲ್ಲಿ ಅಳೆದ ಪ್ಯಾರಲಾಕ್ಸ್ ಕೋನ ಒಂದು ಡಿಗ್ರಿಯ 3600ನೇ ಒಂದು ಭಾಗದಲ್ಲಿ ಮತ್ತೆ ಮೂರನೇ ಒಂದರಷ್ಟು ಮಾತ್ರ. ಆ ನಕ್ಷತ್ರ ಸುಮಾರು 11.4 ಜ್ಯೋತಿರ್ವರ್ಷ ದೂರದಲ್ಲಿದೆ; ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ. 2013ರಲ್ಲಿ ಉಡಾವಣೆಗೊಂಡ ಗಾಯಾ ನೌಕೆ ಇದೇ ವಿಧಾನದಿಂದ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಅಳೆದಿದೆ.

ಇತರ ಗ್ಯಾಲಕ್ಸಿಗಳತ್ತ, ಅಂದರೆ ನಕ್ಷತ್ರಗಳ ಬೃಹತ್ ಗುಂಪುಗಳತ್ತ, ಹೋದಂತೆ ಈ ಜಿಗಿತ ಅಳತೆಗೇ ಸಿಗದಷ್ಟು ಸಣ್ಣದಾಗುತ್ತದೆ. ಅಲ್ಲಿಂದ ಮುಂದಿನ ದಾರಿಯನ್ನು ತೋರಿದವರು ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಾಜಿನ ಫೋಟೋ ಫಲಕಗಳನ್ನು ಪರಿಶೀಲಿಸುತ್ತಿದ್ದ ಹೆನ್ರಿಯೆಟಾ ಲೆವಿಟ್. ಕಿರಿಯ ಮೆಗಲಾನಿಕ್ ಮೋಡ ಎಂಬ ನೆರೆಯ ಪುಟ್ಟ ಗ್ಯಾಲಕ್ಸಿಯಲ್ಲಿ ನಿಯತವಾಗಿ ಬೆಳಗುತ್ತ, ಮಂಕಾಗುತ್ತ ಮಿಡಿಯುವ 25 ನಕ್ಷತ್ರಗಳನ್ನು ಹೋಲಿಸಿದ ಅವರು, ಮಿಡಿತ ನಿಧಾನವಾದಷ್ಟೂ ನಕ್ಷತ್ರದ ಪ್ರಖರತೆ ಹೆಚ್ಚು ಎಂಬುದನ್ನು 1912ರಲ್ಲಿ ಪ್ರಕಟಿಸಿದರು. ಆ ನಕ್ಷತ್ರಗಳೆಲ್ಲ ಒಂದೇ ಮೋಡದವು, ಹೆಚ್ಚುಕಡಿಮೆ ಒಂದೇ ದೂರದವು. ಆದ್ದರಿಂದ ಹೊಳಪಿನ ವ್ಯತ್ಯಾಸಕ್ಕೆ ದೂರ ಕಾರಣವಲ್ಲ, ಅದು ನಕ್ಷತ್ರದ್ದೇ ಗುಣ ಎಂಬ ತರ್ಕ ಇಲ್ಲಿ ಕೆಲಸ ಮಾಡಿತು. ಇಷ್ಟು ಸರಳವೂ ಇಷ್ಟು ಸಮರ್ಥವೂ ಆದ ತರ್ಕವನ್ನು ವಿಜ್ಞಾನದಲ್ಲಿ ನಾನು ಹೆಚ್ಚು ಕಂಡಿಲ್ಲ. ಮಿಡಿತದ ಅವಧಿ ನಿಜವಾದ ಪ್ರಖರತೆಯನ್ನು ಹೇಳಿದರೆ, ಕಾಣುವ ಹೊಳಪಿನೊಡನೆ ಅದನ್ನು ಹೋಲಿಸಿ ದೂರವನ್ನು ಲೆಕ್ಕಹಾಕಬಹುದು.

1923ರ ಅಕ್ಟೋಬರಿನಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಅವರು ಆಂಡ್ರೋಮೆಡಾ ಎಂಬ ಗ್ಯಾಲಕ್ಸಿಯ ಫಲಕವೊಂದರಲ್ಲಿ ನೋವಾ, ಅಂದರೆ ಏಕಾಏಕಿ ಹೊಳೆದು ಮತ್ತೆ ಮಂಕಾಗುವ ನಕ್ಷತ್ರ, ಎಂದು ಗುರುತಿಸಿದ್ದ 'ಎನ್' ಅಕ್ಷರವನ್ನು ಹೊಡೆದುಹಾಕಿ, ಮಿಡಿಯುವ ನಕ್ಷತ್ರವೆಂಬ ಅರ್ಥದಲ್ಲಿ 'ವಿ-ಎ-ಆರ್' ಎಂಬ ಮೂರು ಅಕ್ಷರಗಳನ್ನೂ ಆಶ್ಚರ್ಯಸೂಚಕ ಚಿಹ್ನೆಯನ್ನೂ ಬರೆದರು. ಅವರ ಲೆಕ್ಕದಲ್ಲಿ ಅದು ಸುಮಾರು 9 ಲಕ್ಷ ಜ್ಯೋತಿರ್ವರ್ಷ ದೂರ, ಎಂದರೆ ನಮ್ಮ ಗ್ಯಾಲಕ್ಸಿಯಾದ ಆಕಾಶಗಂಗೆಯ ಆಚೆ.

ಇನ್ನೂ ದೂರಕ್ಕೆ, ನಕ್ಷತ್ರಗಳೇ ಸಿಡಿಯುವ ಒಂದು ಬಗೆಯ ಸೂಪರ್‌ನೋವಾ ಸ್ಫೋಟಗಳು, ಅದಕ್ಕೂ ಆಚೆಗೆ ಕೆಂಪು ಪಲ್ಲಟ, ಅಂದರೆ ದೂರ ಸರಿಯುವ ಗ್ಯಾಲಕ್ಸಿಗಳ ಬೆಳಕು ಕೆಂಪಿನತ್ತ ಜರುಗುವುದು, ನೆರವಾಗುತ್ತವೆ. ಅಳತೆಯ ಈ ಏಣಿಯ ಪ್ರತಿ ಮೆಟ್ಟಿಲೂ ಕೆಳಗಿನದರ ಮೇಲೆ ನಿಂತಿದೆ. ಕೆಳಗೆ ತಪ್ಪಿದರೆ ಮೇಲೆಲ್ಲ ತಪ್ಪುತ್ತದೆ. ಮಿಡಿಯುವ ನಕ್ಷತ್ರಗಳಲ್ಲಿ ಎರಡು ಬಗೆಗಳಿವೆ ಎಂದು 1952ರಲ್ಲಿ ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ ತೋರಿಸಿದಾಗ ಆಂಡ್ರೋಮೆಡಾದ ದೂರ ಒಮ್ಮೆಲೇ ಎರಡು ಪಟ್ಟಾಯಿತು. ಇಂದಿನ ಅಳತೆ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ತೆರೆಯ ಎಡಮೂಲೆಯಲ್ಲಿ ಮಸುಕಾದ ಹೊಗೆಯಂತೆ ಕಾಣುತ್ತಿರುವುದು ಅದೇ ಆಂಡ್ರೋಮೆಡಾ.